ಇಬ್ಬರು ಆಡೋ ಆಟಕ್ಕೆ ಎರಡು ಸಲ ದುಡ್ಡು ಯಾಕೆ ಸ್ವಾಮಿ?

ಅಕ್ಕನ ಮಗ ರಜೆಗೆ ಬಂದಿದ್ದಾನೆ. ನಿನ್ನೆ ಊಟ ಆದಮೇಲೆ "ಮಾಮ, ನಿಮ್ಮ ಕಾಲದ ಥರದ್ದೇ ಗೇಮ್ ತಗೊಂಡಿದೀನಿ, ಬನ್ನಿ" ಅಂದ. ನೋಡಿದ್ರೆ ಚೌಕ ಚೌಕ ಪಿಕ್ಸೆಲ್ಲು, ಗೋರಿಯಿಂದ ಎದ್ದು ಬರೋ ಜಾಂಬಿಗಳು, ಮೇಲೆ ದಪ್ಪಕ್ಷರದಲ್ಲಿ 'ಕೋ-ಆಪ್', ಅಂದ್ರೆ ಜೊತೆಯಾಗಿ ಆಡೋ ಆಟ. ನನ್ನ ಹಳೇ ಗೇಮ್ ಹುಚ್ಚು ನಿಮಗೆ ಗೊತ್ತೇ ಇದೆಯಲ್ಲ, ಕನ್ನಡಕ ಏರಿಸ್ಕೊಂಡು ಇನ್ನೊಂದು ಕಂಟ್ರೋಲರ್ ಹಿಡಿದು ಕೂತೇಬಿಟ್ಟೆ.

ಒಂದೇ ಪರದೆಯಲ್ಲಿ ಇಬ್ಬರು ಆಡೋಕಾಗಲ್ಲವಂತೆ, ಆನ್‌ಲೈನ್‌ನಲ್ಲಿ ಮಾತ್ರವಂತೆ! ನಾನು ಬೇರೆ ಕಂಪ್ಯೂಟರ್ ತರಬೇಕಂತೆ, ಬೇರೆ ಅಕೌಂಟ್ ಮಾಡಬೇಕಂತೆ, ಅದೇ ಗೇಮನ್ನ ಮತ್ತೆ ದುಡ್ಡು ಕೊಟ್ಟು ತಗೋಬೇಕಂತೆ. ಒಂದೇ ಸೋಫಾದಲ್ಲಿ ಕೂತಿರೋ ಮಾವ-ಅಳಿಯನ್ನ ಸೇರಿಸೋಕೆ ಯಾವ ದೇಶದಲ್ಲೋ ಇರೋ ಸರ್ವರ್ ಬ್ರೋಕರಿಕೆ ಮಾಡಬೇಕು.

ಹಳೇ ಕಾಲದ ಬಣ್ಣ ಬೇಕು, ಹಳೇ ಕಾಲದ 'ಟೊಂಯ್ ಟೊಂಯ್' ಸದ್ದು ಬೇಕು, ಪಕ್ಕದಲ್ಲಿ ಕೂತವನು ಮಾತ್ರ ಬೇಡ.

'ಜಾಂಬೀಸ್ ಏಟ್ ಮೈ ನೇಬರ್ಸ್' ಅನ್ನೋ ಗೇಮ್ ನೆನಪಿದೆಯಾ? 1993ರದ್ದು, ಲೂಕಾಸ್‌ಆರ್ಟ್ಸ್ ಕಂಪನಿ ಮಾಡಿದ್ದು. ಝೀಕ್ ಅಂತ ಹುಡುಗ, ಜೂಲಿ ಅಂತ ಹುಡುಗಿ, ಕೈಯಲ್ಲಿ ನೀರಿನ ಪಿಸ್ತೂಲು. ಸೋಡಾ ಕ್ಯಾನೇ ಬಾಂಬು. ತೋಳಮನುಷ್ಯ ಬಂದ್ರೆ ಬೆಳ್ಳಿ ಚಮಚ-ಫೋರ್ಕು ಎಸೀಬೇಕು, ಒಂದೇ ಏಟಿಗೆ ಔಟ್. (ನಮ್ಮನೇಲಿ ಬೆಳ್ಳಿ ಲೋಟ ಮುಟ್ಟಿದ್ರೂ ಅಮ್ಮ ಬಿಡ್ತಿರಲಿಲ್ಲ, ಅದು ಬೇರೆ ಮಾತು.)

ಆ ಆಟದ ಜೀವ ಇದ್ದದ್ದು ಒಂದೇ ಪರದೆಯಲ್ಲಿ. ನಾನು ಮೇಲಕ್ಕೆ, ಪಕ್ಕದಲ್ಲಿ ಕೂತ ಗೆಳೆಯ ಕೆಳಕ್ಕೆ ಎಳೆದ್ರೆ ಪರದೆ ಜರುಗೋದೇ ಇಲ್ಲ, ಇಬ್ಬರೂ ಅಂಚಿಗೆ ಒತ್ತಿಕೊಂಡು ಜಾಂಬಿಗೆ ಆಹಾರ. ಉಳಿಸಬೇಕಾದ ನೆರೆಹೊರೆಯವರೂ ಇಬ್ಬರಿಗೂ ಸೇರಿದವರೇ. ಒಂದು ಲೆವೆಲ್‌ನಲ್ಲಿ ಸತ್ತವರು ಮುಂದಿನದಕ್ಕೂ ಬರಲ್ಲ, ಎಲ್ಲರೂ ಹೋದ್ರೆ ನಮಗೆಷ್ಟು ಜೀವ ಉಳಿದಿದ್ರೂ ಆಟ ಮುಗೀತು. "ಲೋ, ಆ ಮಗು ಕಡೆ ಹೋಗೋ! ಆ ಅಡುಗೆ ಮಾಡ್ತಿರೋನು ಇರ್ಲಿ ಬಿಡೋ!" ಅಂತ ಮೊಣಕೈಲಿ ತಿವಿಯೋದು ಕೋ-ಆಪು. ಹೆಡ್‌ಫೋನ್ ಹಾಕ್ಕೊಂಡು 'ಹಲೋ, ಕೇಳಿಸ್ತಿದೆಯಾ' ಅನ್ನೋದು ಆಫೀಸ್ ಮೀಟಿಂಗು.

ಅದನ್ನ ಆಡೋಕೆ ಟೀವಿಗೆ ಹಾಕೋ ಸೂಪರ್ ನಿಂಟೆಂಡೋ ಯಂತ್ರ ನಮ್ಮ ಕಡೆ ಯಾರ ಮನೇಲಿತ್ತು ಬಿಡಿ. ಸೈಬರ್ ಸೆಂಟರ್‌ನಲ್ಲಿ ಎಮ್ಯುಲೇಟರ್ (ಆ ಯಂತ್ರದ ಗೇಮನ್ನ ಕಂಪ್ಯೂಟರ್‌ನಲ್ಲಿ ಆಡಿಸೋ ಸಾಫ್ಟ್‌ವೇರ್) ಹಾಕಿ, ಒಂದೇ ಕೀಬೋರ್ಡನ್ನ ಇಬ್ಬರೂ ಹಂಚ್ಕೋತಿದ್ವಿ. ಒಟ್ಟಿಗೆ ಮೂರ್ನಾಲ್ಕು ಕೀ ಒತ್ತಿದ್ರೆ ಆ ಕೀಬೋರ್ಡು ಮುಂದಿನದನ್ನ ತಗೋತಾನೇ ಇರಲಿಲ್ಲ. ಜಾಂಬಿ ಮೈಮೇಲೆ ಬೀಳೋ ಹೊತ್ತಿಗೆ ನನ್ನ ಝೀಕ್ ಕಂಬದ ಥರ ನಿಂತುಬಿಡ್ತಿದ್ದ. ನನ್ನ ಗೆಳೆಯ ಬೇಕಂತಲೇ ಕೀ ಒತ್ತಿ ಹಿಡೀತಿದ್ದ ಅನ್ನೋ ಗುಮಾನಿ ನನಗೆ ಇವತ್ತಿಗೂ ಇದೆ. ನಿಜ ಹೇಳ್ಲಾ? ನನಗೆ ಜಾಂಬಿ ಕೊಲ್ಲೋದಕ್ಕಿಂತ ಪಕ್ಕದವನನ್ನ ಬೈಯೋದೇ ಇಷ್ಟ.

"ಫ್ರೆಂಡ್ಸೆಲ್ಲ ಡಲ್ಲಾಸ್, ಟೊರಾಂಟೊ ಅಂತ ಚದುರಿದ್ದಾರೆ, ಆನ್‌ಲೈನ್ ಇಲ್ದೇ ಹೇಗೆ?" ಅಂತೀರಿ. ಇರಲಿ, ಬೇಡ ಅಂದೋರು ಯಾರು? ಡಲ್ಲಾಸ್‌ನವನಿಗೆ ಬಾಗಿಲು ತೆಗೆದ್ರೆ ಮನೇಲಿರೋನನ್ನ ಯಾಕೆ ಹೊರಗೆ ಹಾಕ್ಬೇಕು? ಒಂದೇ ಪರದೆಯಲ್ಲಿ ಇಬ್ಬರನ್ನ ಆಡಿಸೋಕೆ ಗೇಮ್ ಮಾಡೋರಿಗೆ ಖರ್ಚು ಅಂತೆ. ಆ ಹಳೇ ಗೇಮ್ ಇಡೀದು 1 ಎಂಬಿ ಮಾರಾಯ್ರೇ! ನಿಮ್ಮ ಚಿಕ್ಕಪ್ಪ ವಾಟ್ಸಾಪ್‌ಗೆ ಹಾಕೋ ಶುಭೋದಯದ ವಿಡಿಯೋ ಅದಕ್ಕಿಂತ ದೊಡ್ಡದು. ಅದರೊಳಗೇ ಇಬ್ಬರಿಗೂ ಜಾಗ ಇತ್ತು.

ಹಳೇದೆಲ್ಲ ಚಿನ್ನ ಅಂತಲೂ ಅಲ್ಲ. ಬಿಟ್ಟ ಲೆವೆಲ್‌ನಿಂದ ಮತ್ತೆ ಶುರು ಮಾಡೋಕೆ ಅದರ ನಾಲ್ಕಕ್ಷರದ ಪಾಸ್‌ವರ್ಡ್ ಇತ್ತಲ್ಲ, ಶುದ್ಧ ಹಿಂಸೆ. ಲೆವೆಲ್ ನೆನಪಿಟ್ಕೊಳ್ತಿತ್ತು, ಕೂಡಿಟ್ಟ ಆಯುಧ ನೆನಪಿಡ್ತಿರಲಿಲ್ಲ. ರಾಕ್ಷಸರ ಮಧ್ಯೆ ಬರೀ ನೀರಿನ ಪಿಸ್ತೂಲು ಹಿಡ್ಕೊಂಡು ಬಂದು ಬೀಳ್ತಿದ್ವಿ. 2021ರಲ್ಲಿ ಅದರ ಮುಂದಿನ ಗೇಮ್ 'ಘೂಲ್ ಪಟ್ರೋಲ್' ಜೊತೆ ಸೇರಿಸಿ ಮತ್ತೆ ಬಿಟ್ಟಾಗ ಸೇವ್ ಮಾಡೋ ಸೌಲಭ್ಯ ಕೊಟ್ರು. ಒಂದೇ ಪರದೆಯಲ್ಲಿ ಇಬ್ಬರು ಆಡೋದನ್ನ ಹಾಗೇ ಉಳಿಸಿದ್ರು. ಮನಸ್ಸಿದ್ರೆ ಆಗುತ್ತೆ ರೀ.

ಒಂದೇ ಟೀವಿಯಲ್ಲಿ ಇಬ್ಬರು ಕೂತು ಆಡೋ ಗೇಮು ಗೊತ್ತಿದ್ರೆ ಕೆಳಗೆ ಹಾಕಿ, ಹುಡುಗ ಭಾನುವಾರದ ತನಕ ಇಲ್ಲೇ ಇರ್ತಾನೆ. "ಸರ್, ಆನ್‌ಲೈನ್‌ಗೆ ಅಡ್ಜಸ್ಟ್ ಆಗಿ" ಅನ್ನೋರು ದಯವಿಟ್ಟು ಮುಂದಿನ ಪೋಸ್ಟಿಗೆ ಹೋಗಿ.