ಎಚ್‌ಐವಿ ಪರೀಕ್ಷೆಗೆ ಗೆಳೆಯರ ಮೂಲಕ ಕರೆತರುವುದು ಸರಿಯೇ?

ಪರ

ಐಸಿಟಿಸಿಯಲ್ಲಿ, ಅಂದರೆ ಸರ್ಕಾರದ ಎಚ್‌ಐವಿ ಆಪ್ತಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರದಲ್ಲಿ, ಪರೀಕ್ಷೆ ಉಚಿತ, ಗೋಪ್ಯ. ಆದರೂ ಅಪಾಯ ಹೆಚ್ಚಿರುವವರೇ ಅತ್ತ ಸುಳಿಯುವುದಿಲ್ಲ. ತಾಲ್ಲೂಕು ಆಸ್ಪತ್ರೆಯ ಸಾಲಿನಲ್ಲಿ ಊರಿನವರು ಕಂಡಾರೆಂಬ ಅಂಜಿಕೆ. ಮೊದಲು ಪಾರ್ಕು, ಬಸ್ ನಿಲ್ದಾಣಗಳಲ್ಲಿ ಪೀರ್ ಎಜುಕೇಟರ್‌ಗಳಿಗೆ (ಅದೇ ಸಮುದಾಯದಿಂದ ಬಂದು ತಿಳಿವಳಿಕೆ ಹೇಳುವವರಿಗೆ) ಸಿಗುತ್ತಿದ್ದವರು ಈಗ ಮೊಬೈಲ್ ಆ್ಯಪ್‌ಗಳಲ್ಲೇ ಜೊತೆಗಾರರನ್ನು ಹುಡುಕಿಕೊಳ್ಳುತ್ತಾರೆ. ಅವರು ಯಾರೆಂದು ಗೊತ್ತಿರುವುದು ಅವರ ಗೆಳೆಯರಿಗೆ ಮಾತ್ರ. ವಿಶ್ವ ಆರೋಗ್ಯ ಸಂಸ್ಥೆಯೂ 2019ರಲ್ಲಿ ಗೆಳೆಯರ ಮೂಲಕ ಕರೆತರುವ ಈ ದಾರಿಯನ್ನು ಶಿಫಾರಸು ಮಾಡಿತು.

ಕ್ರಮ ಸರಳ. ಪರೀಕ್ಷೆ ಮಾಡಿಸಿಕೊಂಡವರಿಗೆ, ಗೆಳೆಯರಿಗೆ ಕೊಟ್ಟು ಪರೀಕ್ಷೆಗೆ ಕರೆತರಲೆಂದು, ಮೂರು ಕೂಪನ್ ಕೊಡುವುದು. ಅದರಲ್ಲಿ ಹೆಸರಿರಕೂಡದು, ಸಂಖ್ಯೆ ಸಾಕು. ನೆಗೆಟಿವ್ ಬಂದವರಿಗೂ ಕೊಡಲೇಬೇಕು. ಪಾಸಿಟಿವ್ ಆದವರಿಗಷ್ಟೇ ಕೊಟ್ಟರೆ ಕೂಪನ್ನೇ ಗುಟ್ಟು ರಟ್ಟು ಮಾಡುತ್ತದೆ. ಬೆರಳ ತುದಿಯ ಒಂದು ಹನಿ ರಕ್ತ, ಅರ್ಧ ಗಂಟೆಯೊಳಗೆ ಉತ್ತರ. ಈ ಮೊದಲ ಪರೀಕ್ಷೆಯಲ್ಲಿ ರಿಯಾಕ್ಟಿವ್ (ಸೋಂಕಿನ ಸುಳಿವು) ಬಂದರೆ ಅದೇ ಕೊನೆಯ ಮಾತಲ್ಲ. ಐಸಿಟಿಸಿಯಲ್ಲಿ ಮೂರು ಬೇರೆ ಬೇರೆ ಕಿಟ್‌ಗಳಲ್ಲಿ ಖಚಿತಪಡಿಸಬೇಕು. ಜನ ಕೈತಪ್ಪುವುದು ಈ ಎರಡರ ನಡುವೆಯೇ. ಜೊತೆಗೆ ಬಸ್ ಹತ್ತುವ ಗೆಳೆಯನಿದ್ದರೆ ತಪ್ಪುವುದು ಕಡಿಮೆ. ದೃಢಪಟ್ಟರೆ ಸಿಡಿ4 (ರೋಗನಿರೋಧಕ ಕಣಗಳ ಎಣಿಕೆ) ಎಷ್ಟೇ ಇರಲಿ, ಎಆರ್‌ಟಿ, ಅಂದರೆ ಎಚ್‌ಐವಿಯನ್ನು ಹತ್ತಿಕ್ಕುವ ಔಷಧ, ಉಚಿತವಾಗಿ ಶುರುವಾಗುತ್ತದೆ.

ವಿರೋಧ

ಪರೀಕ್ಷೆಗೆ ತಿಳಿದು ಕೊಟ್ಟ ಸಮ್ಮತಿ ಬೇಕೆಂದು 2017ರ ಎಚ್‌ಐವಿ ಕಾಯ್ದೆ ಹೇಳುತ್ತದೆ. ಬೆಂಗಳೂರಿನ ಹಮಾಮಿನಲ್ಲಿ (ಹಿಜ್ಡಾ ಸಮುದಾಯದವರ ಸ್ನಾನಗೃಹದಲ್ಲಿ) ಗುರು 'ನಡಿ' ಎಂದರೆ ಅವರ ಶಿಷ್ಯೆಯಾದ ಚೇಲಾ ಒಲ್ಲೆ ಎನ್ನುವುದುಂಟೇ? ಸಹಿ ಇರುತ್ತದೆ, ಸಮ್ಮತಿ ಇರುವುದಿಲ್ಲ.

ಗೋಪ್ಯತೆಯ ಕಥೆಯೂ ಅಷ್ಟೇ. ನಾಲ್ವರು ಒಟ್ಟಿಗೆ ಬಂದರೆನ್ನಿ. ಮೂವರು ಬೇಗ ಹೊರಬರುತ್ತಾರೆ, ನಾಲ್ಕನೆಯವನನ್ನು ಆಪ್ತಸಮಾಲೋಚಕರು ಮತ್ತೆ ಕೂರಿಸುತ್ತಾರೆ. ಕಾದು ನಿಂತವರಿಗೆ ಇನ್ನೇನು ಹೇಳಬೇಕು? ವರದಿ ಬಯಲಾದರೆ ಸಮಾಲೋಚಕರ ಕೆಲಸಕ್ಕೇ ಕುತ್ತು. ಕೂಪನ್ ಕೊಟ್ಟ ಗೆಳೆಯನಿಗೆ ಯಾವ ಅಂಕುಶವಿದೆ?

ಕೂಪನ್ ಹಿಡಿದು ಬಂದವರ ಲೆಕ್ಕಕ್ಕೆ ದುಡ್ಡು ಕೊಟ್ಟರಂತೂ ವ್ಯವಹಾರ ಶುರು. ಒಬ್ಬರೇ ಎರಡು ಹೆಸರಿನಲ್ಲಿ ಬರುತ್ತಾರೆ, ಅಪಾಯವೇ ಇಲ್ಲದವರು ಸಾಲುಗಟ್ಟುತ್ತಾರೆ, ಈಗಾಗಲೇ ಎಆರ್‌ಟಿ ನುಂಗುತ್ತಿರುವವರು 'ಹೊಸ ಪಾಸಿಟಿವ್' ಎಂದು ಲೆಕ್ಕಕ್ಕೆ ಸೇರುತ್ತಾರೆ. ವಿಂಡೋ ಅವಧಿಯ ತಲೆನೋವು ಬೇರೆ: ಹೋದ ವಾರ ಸೋಂಕು ತಗುಲಿದ್ದರೆ ಇಂದಿನ ಕಿಟ್‌ಗೆ ಅದು ಕಾಣಿಸದು. ಆ ನೆಗೆಟಿವ್ ಚೀಟಿ ಗೆಳೆಯರ ಗುಂಪಿನಲ್ಲಿ ಕಾಂಡೋಮ್ ಬೇಡವೆನ್ನಲು ನೆಪವಾಗುತ್ತದೆ. ಮೂರು ತಿಂಗಳಿಗೆ ಮತ್ತೆ ಬರಬೇಕೆಂದು ಕೂಪನ್ ಕೊಟ್ಟವನು ಹೇಳಿರುವುದಿಲ್ಲ, ಅವನಿಗೂ ಯಾರೂ ಹೇಳಿರುವುದಿಲ್ಲ.

ಗೆಳೆಯ 1097 ಸಹಾಯವಾಣಿಯ ಸಂಖ್ಯೆ ಕೊಡಲಿ, ಸಾಕು. ಸಂಜೆ ಏಳರವರೆಗೆ ತೆರೆದಿರುವ, ಒಬ್ಬೊಬ್ಬರನ್ನೇ ಕರೆಯುವ ಕೇಂದ್ರಕ್ಕೆ ಖರ್ಚು ಮಾಡುವುದು ಇದಕ್ಕಿಂತ ಮೇಲು.