ಚೀಟಿ ಬರೆದುಕೊಟ್ಟರೆ ಚಿಕಿತ್ಸೆ ಮುಗಿಯಿತೇ?

ಸಕ್ಕರೆ ಕಾಯಿಲೆಯವರಿಗೆ ನಮ್ಮ ಕಡೆ ಸಿಗುವ ತಿಳಿವಳಿಕೆ ಎರಡೇ ಮಾತು: ಅನ್ನ ಕಮ್ಮಿ ಮಾಡಿ, ವಾಕಿಂಗ್ ಹೋಗಿ. ಕೊಡಗಿನಲ್ಲಿ ಬೆಳಿಗ್ಗೆ ಅಕ್ಕಿರೊಟ್ಟಿ, ಇಲ್ಲದಿದ್ದರೆ ನೂಪುಟ್ಟು, ನೆಂಟರು ಬಂದರೆ ಕಡಂಬುಟ್ಟು. ಎಲ್ಲವೂ ಅಕ್ಕಿಯೇ. ಅನ್ನ ಬಿಟ್ಟೆನೆಂದು ನಾಲ್ಕು ರೊಟ್ಟಿ ತಿನ್ನುವವರನ್ನು ಬೈದು ಏನು ಪ್ರಯೋಜನ? ಅವರಿಗೆ ಯಾರೂ ಕೂತು ಹೇಳಿಲ್ಲ. ಇನ್ನು ಇಡೀ ದಿನ ಇಳಿಜಾರಿನ ತೋಟದಲ್ಲಿ ಕಾಫಿ ಕುಯ್ದು, ಮೂಟೆ ಹೊತ್ತು ಬಂದ ಹೆಂಗಸಿಗೆ ವಾಕಿಂಗ್ ಮಾಡು ಎಂದರೆ ನನಗೆ ಸಿಟ್ಟೇ ಬರುತ್ತದೆ. ಪಕ್ಕದ ತೋಟದ ಲೈನ್‌ಮನೆಯ (ಕೂಲಿಯವರ ಸಾಲುಮನೆಯ) ಅಕ್ಕ ಒಬ್ಬರು ರಿಪೋರ್ಟಿನಲ್ಲಿ ಸಕ್ಕರೆ ಇಳಿದಿದೆ ಎಂದು ಮಾತ್ರೆಯನ್ನೇ ನಿಲ್ಲಿಸಿದ್ದರು. ಇಳಿದದ್ದು ಮಾತ್ರೆಯಿಂದ ಎಂದು ಅವರಿಗೆ ಹೇಳಿದವರಿರಲಿಲ್ಲ.

ಕೇಟ್ ಲೋರಿಗ್ ಅವರ ಕೆಲಸದ ಬಗ್ಗೆ ಓದಿದಾಗಿನಿಂದ ಇದೇ ತಲೆಯಲ್ಲಿದೆ. ನರ್ಸಿಂಗ್ ಓದಿ ಸಂಶೋಧನೆಗೆ ಬಂದ ಈಕೆ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಸಂಧಿವಾತದವರಿಗೆ ತಮ್ಮ ಕಾಯಿಲೆಯನ್ನು ತಾವೇ ನಿಭಾಯಿಸಲು ಕಲಿಸುವ ತರಗತಿ ಶುರುಮಾಡಿದರು. 1993ರಲ್ಲಿ ಅವರ ತಂಡ ಪ್ರಕಟಿಸಿದ ಫಲಿತಾಂಶ ನೋಡಿ. ತರಗತಿಗೆ ಬಂದವರಲ್ಲಿ ನಾಲ್ಕು ವರ್ಷದ ನಂತರ ದೈಹಿಕ ಅಸಾಮರ್ಥ್ಯ ಶೇ. 9ರಷ್ಟು ಹೆಚ್ಚಿತ್ತು, ಆದರೂ ನೋವು ಶೇ. 20ರಷ್ಟು ಇಳಿದಿತ್ತು. ಡಾಕ್ಟರ ಬಳಿ ಹೋಗುವುದು ಶೇ. 40ರಷ್ಟು ಕಡಿಮೆಯಾಗಿತ್ತು. ಕಾಯಿಲೆ ಮುಂದುವರಿದರೂ ಬದುಕು ಹಗುರಾಗಿತ್ತು! ಇದಕ್ಕೆ ಕಾರಣ ಹುಡುಕಿದಾಗ, ಎಷ್ಟು ಕಲಿತರು, ಎಷ್ಟು ವ್ಯಾಯಾಮ ಮಾಡಿದರು ಎನ್ನುವುದಕ್ಕಿಂತ ‘ಇದನ್ನು ನಾನು ನಿಭಾಯಿಸಬಲ್ಲೆ’ ಎಂಬ ಧೈರ್ಯವೇ ದೊಡ್ಡದಾಗಿ ಕಂಡಿತು.

ಮುಂದೆ ಅದೇ ತಂಡ ಎಲ್ಲ ದೀರ್ಘಕಾಲದ ಕಾಯಿಲೆಗಳಿಗೂ ಸೇರಿ ಆರು ವಾರದ ತರಗತಿ ರೂಪಿಸಿತು. ವಾರಕ್ಕೊಮ್ಮೆ ಎರಡೂವರೆ ಗಂಟೆ. ನಡೆಸುವವರು ಡಾಕ್ಟರಲ್ಲ, ಹೆಚ್ಚಾಗಿ ಅಂಥದೇ ಕಾಯಿಲೆ ಇರುವ ಸಾಮಾನ್ಯ ಜನ. ಈ ವಾರ ಏನು ಮಾಡುತ್ತೀರಿ ಎಂದು ಒಬ್ಬೊಬ್ಬರೂ ತಾವೇ ಹೇಳಬೇಕು. ಮಾಡಬಲ್ಲೆನೆಂಬ ನಂಬಿಕೆ ಹತ್ತಕ್ಕೆ ಏಳು ಇಲ್ಲದಿದ್ದರೆ ಗುರಿಯನ್ನೇ ಚಿಕ್ಕದು ಮಾಡುತ್ತಾರೆ. ಬೈಗುಳಕ್ಕೆ ಅಲ್ಲಿ ಜಾಗವೇ ಇಲ್ಲ.

ಒಪಿಡಿಯ ಸಾಲು ನೋಡಿದರೆ ಡಾಕ್ಟರಿಗೆ ಪುರುಸೊತ್ತಿಲ್ಲ ಎನ್ನುವುದು ನಿಜವೇ. ಆದರೆ ಈ ಕೆಲಸಕ್ಕೆ ಡಾಕ್ಟರೇ ಬೇಕಿಲ್ಲವಲ್ಲ. ವರ್ಷಗಟ್ಟಲೆ ಸಕ್ಕರೆ ಹತೋಟಿಯಲ್ಲಿಟ್ಟುಕೊಂಡವರು ಊರೂರಲ್ಲೂ ಇದ್ದಾರೆ, ಮನೆಮನೆ ಬಲ್ಲ ಆಶಾ ಕಾರ್ಯಕರ್ತೆಯರಿದ್ದಾರೆ. ಮಡಿಕೇರಿಯಲ್ಲಿ 2016ರಿಂದ ಸರ್ಕಾರಿ ಮೆಡಿಕಲ್ ಕಾಲೇಜೇ ಇದೆ. ಈ ಅನುಭವಸ್ಥರಿಗೆ, ಆಶಾ ಕಾರ್ಯಕರ್ತೆಯರಿಗೆ ತರಬೇತಿ ಕೊಟ್ಟು, ಕೊಡವ ತಕ್ಕ್, ಅರೆಭಾಷೆ, ಯರವ, ಮಲಯಾಳದಲ್ಲಿ ಕೂಟ ನಡೆಸಬಹುದು. ಬರೀ ಕನ್ನಡದ ಕರಪತ್ರ ಹಂಚಿದರೆ ಲೈನ್‌ಮನೆಗೆ ಏನೂ ಮುಟ್ಟುವುದಿಲ್ಲ. ಮಾತ್ರೆಗೆ ಇದು ಬದಲಿಯಲ್ಲ, ಮಾತ್ರೆಯನ್ನು ಸರಿಯಾಗಿ ನುಂಗುವುದಕ್ಕೂ ಇದು ಬೇಕು. ಕೂಟದಿಂದ ಫಲ ಸಿಕ್ಕಿತೇ ಎಂದು ಲೆಕ್ಕ ಹಾಕುವಾಗ ಸಕ್ಕರೆಯ ಅಂಕಿ ಮಾತ್ರ ಸಾಲದು. ರಾತ್ರಿ ನಿದ್ದೆ ಬರುತ್ತದೆಯೇ, ಮದುವೆಮನೆಗೆ ಹೋಗಿ ಕೂರಲು ಆಗುತ್ತದೆಯೇ ಎಂದೂ ಕೇಳಬೇಕು.

ತೋಟದ ಮಾಲೀಕರಲ್ಲೂ ಒಂದು ಬೇಡಿಕೆ ಇದೆ. ಕುಯ್ಲು ಮುಗಿದ ಮೇಲೆ, ಮಳೆ ಹಿಡಿಯುವ ಮೊದಲು, ಆರು ವಾರ ವಾರಕ್ಕೊಂದು ಮಧ್ಯಾಹ್ನ ಕೂಲಿ ಕಡಿಯದೆ ಬಿಟ್ಟುಕೊಡಿ. ಕಾಫಿ ಕಣದಲ್ಲೇ ಚಾಪೆ ಹಾಸಿದರೂ ಸಾಕು.