ಎರಡೂವರೆ ಸಾವಿರ ಕೋಟಿ ಕೊಟ್ರೂ ಎಡಗೈ ಬರಲ್ವಾ?

ನಮ್ಮ ಮಾವನವರು ರಿಟೈರ್ಡ್ ಬ್ಯಾಂಕ್ ನೌಕರರು, ಅದ್ರಲ್ಲೂ ಕೊನೇ ಹತ್ತು ವರ್ಷ ಲೋನ್ ಸೆಕ್ಷನ್. ಎದುರಿಗೆ ಯಾರೇ ಬಂದು ಕೂತ್ರೂ ಇವರಿಗೆ ಎಷ್ಟು ಕೊಡಬಹುದು, ವಾಪಸ್ ಬರತ್ತಾ ಅಂತ ಕಣ್ಣಲ್ಲೇ ಅಳೆಯೋ ಜಾತಿ. ನನ್ನನ್ನೂ ಹೆಣ್ಣು ನೋಡೋಕೆ ಹೋದಾಗ ಹಂಗೇ ಅಳೆದಿದ್ರು, ಅದೇನೋ ಸ್ಯಾಂಕ್ಷನ್ ಆಯ್ತು ಅನ್ನಿ. ಅವರು 2023ರ ಏಪ್ರಿಲ್‌ನಲ್ಲಿ ಆರು ತಿಂಗಳಿಗೆ ಅಂತ ಮ್ಯಾಸಚೂಸೆಟ್ಸ್‌ನ ನಮ್ಮನೆಗೆ ಬಂದ್ರು, ಬಂದ ಮೂರನೇ ದಿನಕ್ಕೆ ಕ್ರಿಕೆಟ್ ಇಲ್ಲದ ಟಿವಿ ನೋಡಿ ನೋಡಿ ಬೇಜಾರಾಗಿ ನನ್ನ ಪಕ್ಕ ಕೂತು ಬಾಸ್ಕೆಟ್‌ಬಾಲ್ ನೋಡೋಕೆ ಶುರು ಮಾಡಿದ್ರು. ನಾನು ನಮ್ಮೂರ ಟೀಮ್ ಬಾಸ್ಟನ್ ಸೆಲ್ಟಿಕ್ಸ್ ಫ್ಯಾನ್. ಬಾಸ್ಟನ್ ಹತ್ರ ಇದ್ಕೊಂಡು ಬೇರೆ ಟೀಮ್‌ಗೆ ಜೈ ಅಂದ್ರೆ ಮನೆ ಮುಂದಿನ ಹಿಮ ತಳ್ಳೋಕೆ ಅಕ್ಕಪಕ್ಕದವರು ಸಲಿಕೆ ಕೂಡ ಕೊಡಲ್ಲ.

ಮೇ 29, ಸೋಮವಾರ, ಮೆಮೋರಿಯಲ್ ಡೇ ರಜೆ. ಮಯಾಮಿ ಹೀಟ್ ಟೀಮ್ ಜೊತೆ ಏಳನೇ ಮ್ಯಾಚು, ಮೊದಲು ನಾಲ್ಕು ಗೆದ್ದವರು ಫೈನಲ್ಸ್‌ಗೆ. ಮೊದಲ ಮೂರು ಸೋತು, ಆಮೇಲೆ ಮೂರು ಗೆದ್ದು ಸೀರೀಸ್ 3-3 ಆಗಿತ್ತು. ಎನ್‌ಬಿಎ ಅಂದ್ರೆ ಇಲ್ಲಿನ ಬಾಸ್ಕೆಟ್‌ಬಾಲ್ ಲೀಗು, ಅದರ ಇತಿಹಾಸದಲ್ಲೇ 0-3 ಇಂದ ಎದ್ದು ಸೀರೀಸ್ ಗೆದ್ದ ಟೀಮ್ ಇಲ್ಲ, ಅದಕ್ಕೆ ನಮ್ಮ ಕನ್ನಡದ ಗ್ಯಾಂಗೆಲ್ಲ ನಮ್ಮನೇಲೇ ಠಿಕಾಣಿ. ಮಿಸ್ಸೆಸ್ಸು ಕುಕ್ಕರಲ್ಲಿ ಬೇಳೆ ಇಟ್ಟು "ರೀ, ಮೂರು ವಿಷಲ್ ಆದ್ಮೇಲೆ ಆಫ್ ಮಾಡಿ" ಅಂತ ಹೇಳಿ ಮಹಡಿ ಮೇಲೆ ಹೋದ್ಲು.

ಮ್ಯಾಚ್ ಶುರುವಾದ ಮೊದಲ ಆಟದಲ್ಲೇ ನಮ್ಮ ಸ್ಟಾರ್ ಜೇಸನ್ ಟೇಟಮ್ ಪಾದ ಉಳುಕಿಸ್ಕೊಂಡ, ಕುಂಟ್ಕೊಂಡೇ ಆಡಿದ. ಭಾರ ಎಲ್ಲ ನಮ್ಮ ಇನ್ನೊಬ್ಬ ಸ್ಟಾರ್ ಜೇಲೆನ್ ಬ್ರೌನ್ ಹೆಗಲಿಗೆ ಬಂತು. ಈ ಬ್ರೌನ್ ಬಲಗಡೆ ನುಗ್ಗಿದ್ರೆ ಗೂಳಿ, ಎಡಗೈಲಿ ಚೆಂಡು ಪುಟಿಸೋಕೆ ಶುರು ಮಾಡಿದ್ರೆ ಮಾತ್ರ ಎಣ್ಣೆ ಕೈಲಿ ಬಾಟ್ಲಿ ಮುಚ್ಚಳ ತೆಗೆಯೋ ಹಂಗೆ. ಮಯಾಮಿಯವರಿಗೆ ಅದು ಚೆನ್ನಾಗೇ ಗೊತ್ತಿತ್ತು, ಅವನನ್ನ ಎಡಕ್ಕೇ ತಳ್ತಾ ಹೋದ್ರು, ಅವನು ಚೆಂಡು ಕಳ್ಕೊಳ್ತಾ ಹೋದ. 8 ಟರ್ನೋವರ್, ಅಂದ್ರೆ 8 ಸಲ ಚೆಂಡು ಎದುರಾಳಿ ಪಾಲು. ದೂರದಿಂದ 9 ತ್ರೀ (ಬಿದ್ರೆ ಮೂರು ಪಾಯಿಂಟ್) ಎಸೆದು 1 ಬುಟ್ಟಿಗೆ. 103-84ಕ್ಕೆ ಸೋತ್ವಿ, ಅದೂ ನಮ್ಮದೇ ಅಂಗಳದಲ್ಲಿ.

ಇದರ ಮಧ್ಯೆ ಟಿವಿಲಿ ರೆಫ್ರಿ ಪೀಪಿ ಊದ್ತಾನೇ ಇದಾನೆ. ನಾನು ಒಂದು, ಎರಡು, ಮೂರು ಅಂತ ಎಣಿಸಿ, ಎದ್ದು ಹೋಗಿ ಸ್ಟವ್ ಆಫ್ ಮಾಡಿ ಬಂದು ಕೂತೆ. ಊಟದ ಹೊತ್ತಿಗೆ ಕುಕ್ಕರ್ ತೆಗೆದ್ರೆ ತೊಗರಿಬೇಳೆ ಹಾಕಿದ್ದು ಹಾಕಿದ ಹಂಗೇ ನನ್ನ ಮುಖ ನೋಡ್ತಿದೆ. ಕುಕ್ಕರ್ ಒಂದು ಸಲಾನೂ ಕೂಗಿರ್ಲಿಲ್ಲ, ಮೂರು ವಿಷಲ್ಲೂ ರೆಫ್ರಿದು. ಅವತ್ತು ಬ್ರೌನ್ ಬೇಳೆ ಮಯಾಮಿ ಮುಂದೆ ಬೇಯಲಿಲ್ಲ, ನಮ್ಮನೇದು ಒಲೆ ಮೇಲೇ ಬೇಯಲಿಲ್ಲ. ಎಲ್ಲರೂ ಮೊಸರನ್ನ, ಉಪ್ಪಿನಕಾಯಿ ತಿಂದು ಸೂತಕದ ಮನೆಯಿಂದ ಎದ್ದು ಹೋಗೋ ಹಂಗೆ ಎದ್ದು ಹೋದ್ರು.

ಮಾವನವರು ಮಾತ್ರ ಬ್ರೌನ್ ಪರ. "ಎಡಗೈ ಬಳಸಲ್ಲ ಅಂದ್ರೆ ಮನೇಲಿ ಚೆನ್ನಾಗಿ ಬೆಳೆಸಿದಾರೆ ಬಿಡಿ ಅಳಿಯಂದ್ರೇ. ನಮ್ಮ ಕಡೆ ಅಂಗಡಿಯವನು ಎಡಗೈಲಿ ಚಿಲ್ರೆ ಕೊಟ್ರೂ ನಾನು ತಗೊಳಲ್ಲ."

ಆಮೇಲೆ ಜುಲೈ 25ಕ್ಕೆ ಸುದ್ದಿ ಬಂತು. ಇದೇ ಬ್ರೌನ್‌ಗೆ 5 ವರ್ಷಕ್ಕೆ 304 ಮಿಲಿಯನ್ ಡಾಲರ್ ವರೆಗಿನ ಕಾಂಟ್ರ್ಯಾಕ್ಟ್, ಅವತ್ತಿಗೆ ಎನ್‌ಬಿಎನಲ್ಲೇ ದೊಡ್ಡದು. ನಾನು ಮಧ್ಯಾಹ್ನದ ಮೀಟಿಂಗಲ್ಲಿ ಕೂತು ಫೋನ್ ನೋಡಿದವನು ಮ್ಯೂಟ್ ಹಾಕೋದು ಮರೆತು "ಥೂ, ತಲೆ ಕೆಟ್ಟಿದೆಯಾ ಇವರಿಗೆ" ಅಂತ ಅಚ್ಚ ಕನ್ನಡದಲ್ಲಿ ಅಂದೆ. ಮ್ಯಾನೇಜರು ನಾನೇನೋ ಆಕ್ಷೇಪಣೆ ಎತ್ತಿದೀನಿ ಅಂದ್ಕೊಂಡು "ಗುಡ್ ಪಾಯಿಂಟ್, ಸ್ವಲ್ಪ ವಿವರಿಸ್ತೀರಾ" ಅಂದ್ರು. ಏನು ವಿವರಿಸಿದೆ ಅಂತ ಇವತ್ತಿಗೂ ನೆನಪಿಲ್ಲ, ಆ ಕೆಲಸ ಮಾತ್ರ ನನ್ನ ತಲೆಗೇ ಬಿತ್ತು.

ಶನಿವಾರ ನಮ್ಮ ಹಿತ್ತಲಲ್ಲಿ ಮತ್ತೆ ಗ್ಯಾಂಗು. ಗ್ರಿಲ್ ಮೇಲೆ ಮೆಕ್ಕೆಜೋಳ ಸುಡ್ತಾ ನಾನು ಭಾಷಣ ಶುರು ಮಾಡಿದೆ, 8 ಟರ್ನೋವರ್, 9ಕ್ಕೆ 1, ಎಡಗೈ ಇಲ್ಲ, ಹಿಂಗಿರೋನಿಗೆ 304ಆ ಅಂತ. ದಾವಣಗೆರೆ ದೋಸ್ತು ಬ್ರೌನ್ ಭಕ್ತ. "ಲೇ, ಒಂದು ಮ್ಯಾಚ್ ಹಿಡ್ಕೊಂಡು ಎಷ್ಟು ದಿನ ಅಳ್ತೀಯಲೇ? 2016ರಲ್ಲಿ ಹೊಸ ಹುಡುಗರನ್ನ ಆರಿಸ್ಕೊಳ್ಳೋ ಡ್ರಾಫ್ಟಲ್ಲಿ 3ನೇ ನಂಬರಿಗೆ ಅವನ್ನ ತಗೊಂಡಾಗ ಊರೆಲ್ಲ ಬೂ ಅಂದಿದ್ರು. 2019ರಲ್ಲಿ 4 ವರ್ಷಕ್ಕೆ 115 ಮಿಲಿಯನ್ ವರೆಗೆ ಕೊಟ್ಟಾಗ್ಲೂ ಜಾಸ್ತಿ ಆತು ಅಂದಿದ್ರು. ಪ್ರತಿ ಸಲ ಜಾಸ್ತಿ ಆತು ಅಂತೀರಿ, ಪ್ರತಿ ಸಲ ಅವನು ಇನ್ನೂ ಚೆನ್ನಾಗಿ ಆಡ್ತಾನೆ."

ಮಾವನವರು ಅಷ್ಟೊತ್ತಿಗೆ ಪೇಪರ್ ನ್ಯಾಪ್ಕಿನ್ ಮೇಲೆ ಲೆಕ್ಕ ಹಾಕ್ತಿದ್ರು. ಡಾಲರ್‌ಗೆ 82 ರೂಪಾಯಿ. ಸೊನ್ನೆ ಜಾಸ್ತಿಯಾಗಿ ನ್ಯಾಪ್ಕಿನ್ ಸಾಲದೆ ಇನ್ನೊಂದು ತಗೊಂಡ್ರು. ತಲೆ ಎತ್ತಿ "ಅಳಿಯಂದ್ರೇ, ಹತ್ರ ಹತ್ರ ಎರಡೂವರೆ ಸಾವಿರ ಕೋಟಿ" ಅಂದ್ರು. ಎರಡು ತಿಂಗಳು ಅವನ ಪರ ಇದ್ದ ಮನುಷ್ಯ ಒಂದೇ ಕ್ಷಣದಲ್ಲಿ ಲೋನ್ ಸೆಕ್ಷನ್‌ಗೆ ವಾಪಸ್. "ಅಷ್ಟು ದುಡ್ಡು ಕೊಟ್ರೂ ಎಡಗೈ ಬರಲ್ವಾ?"

ಆಮೇಲೆ ವಿಚಾರಣೆ. ಆಡದೇ ಇದ್ರೆ? ಆದ್ರೂ ಕೊಡ್ತಾರೆ, ಪೂರ್ತಿ ಗ್ಯಾರಂಟಿ. ಕಾಲು ಮುರ್ಕೊಂಡ್ರೆ? ಆಗ್ಲೂ. ಜಾಮೀನು ಯಾರು? ಯಾರೂ ಇಲ್ಲ ಮಾವ. ಟಿಡಿಎಸ್ ಕಟ್ ಆಗತ್ತಾ? ಆಗತ್ತೆ, ಕೇಂದ್ರಕ್ಕೇ 37 ಪರ್ಸೆಂಟ್ ಸ್ಲ್ಯಾಬು, ಮೇಲೆ ನಮ್ಮ ಸ್ಟೇಟ್ 5, ವರ್ಷಕ್ಕೆ ಒಂದು ಮಿಲಿಯನ್ ದಾಟಿದ ಸಂಪಾದನೆಗೆ 2023ರಿಂದ ಇನ್ನೊಂದು 4, ಇದರ ಜೊತೆ ಲೀಗ್‌ನವರು ಸಂಬಳದಲ್ಲಿ 10 ಪರ್ಸೆಂಟ್ ಎಸ್ಕ್ರೋ ಅಂತ ಹಿಡ್ಕೋತಾರೆ. ಇದನ್ನ ಕೇಳಿ ಮಾವನವರಿಗೆ ಸ್ವಲ್ಪ ಸಮಾಧಾನ ಆಯ್ತು. "ಮತ್ತೆ ವರ್ಷಾ ವರ್ಷ ಇನ್ಕ್ರಿಮೆಂಟು?" ಮೊದಲ ವರ್ಷದ ಸಂಬಳದ ಮೇಲೆ 8 ಪರ್ಸೆಂಟ್ ಅಂದೆ. "ನಿಮಗೆಷ್ಟು ಈ ವರ್ಷ?" ಅಂದ್ರು. ನಾನು ಜೋಳ ಮೊಗಚಿದೆ. ಮಿಸ್ಸೆಸ್ಸು ಒಳಗಿಂದ "ಮೂರು ಅಪ್ಪಾ" ಅಂದ್ಲು.

ಮಂಗಳೂರು ಮೇಡಂ ನಮ್ಮ ಗ್ಯಾಂಗಲ್ಲಿ ರೂಲ್ ಬುಕ್ ಓದೋ ಒಬ್ಬರೇ ಮನುಷ್ಯರು. "ಅಲ್ಲ ಮಾರಾಯ್ರೇ, ಯೋಗ್ಯತೆಯ ಪ್ರಶ್ನೆಯೇ ಅಲ್ಲ ಇದು. 7 ವರ್ಷ ಆಡಿದ್ದಾನೆ, ಈ ಸೀಸನ್ ಆಲ್ ಎನ್‌ಬಿಎ ಸೆಕೆಂಡ್ ಟೀಮಿಗೆ, ಅಂದ್ರೆ ಲೀಗಿನ ವರ್ಷದ ಅತ್ಯುತ್ತಮರ ಪಟ್ಟಿಗೆ ಬಂದಿದ್ದಾನೆ, ಅಲ್ಲಿಗೆ ಸೂಪರ್‌ಮ್ಯಾಕ್ಸ್ ಅನ್ನುವ ಅತಿ ದೊಡ್ಡ ಸಂಬಳದ ಬಾಗಿಲು ತೆರೀತು, ಸ್ಯಾಲರಿ ಕ್ಯಾಪಿನ, ಅಂದ್ರೆ ಒಂದು ಟೀಮಿನ ಒಟ್ಟು ಸಂಬಳಕ್ಕೆ ಲೀಗ್ ಹಾಕಿದ ಮಿತಿಯ 35 ಪರ್ಸೆಂಟ್. ಆ ಪಟ್ಟಿಗೆ ವೋಟ್ ಹಾಕುವುದು ಪತ್ರಕರ್ತರು, ಗೊತ್ತುಂಟಾ?" ಸರಿ, ಬೇಡ ಅಂತ ಬಿಟ್ಟು ಆ ದುಡ್ಡಲ್ಲಿ ಇನ್ನಿಬ್ಬರನ್ನ ತರಬಹುದಲ್ವಾ ಅಂದೆ. ಆಗಲ್ಲವಂತೆ. ತಮ್ಮದೇ ಆಟಗಾರನಿಗಾದ್ರೆ ಕ್ಯಾಪ್ ದಾಟಿ ಕೊಡಬಹುದು, ಹೊರಗಿನವನಿಗೆ ಹಂಗೆ ಆಗಲ್ಲ; ಟೀಮ್ ಆಗ್ಲೇ ಕ್ಯಾಪ್ ದಾಟಿರೋದ್ರಿಂದ ಇವನು ಹೋದ್ರೆ ಇವನ ಜಾಗದ ದುಡ್ಡು ಕೈಗೆ ಬರಲ್ಲ. ಮಾವನವರಿಗೆ ಇದು ಥಟ್ ಅಂತ ಅರ್ಥ ಆಯ್ತು, "ರೇಷನ್ ಕಾರ್ಡಿಂದ ಒಂದು ಹೆಸರು ತೆಗೆಸಿದ್ರೆ ಆ ಜಾಗಕ್ಕೆ ಇನ್ನೊಂದು ಹೆಸರು ಸೇರಿಸೋಕೆ ಬಿಡಲ್ಲ, ಹಂಗೆ ತಾನೆ?" ನನಗೆ ಎರಡು ವರ್ಷದಿಂದ ತಲೆಗೆ ಹತ್ತದ ವಿಷಯ ಅದು, ಅವರು ಜೋಳದ ಕಾಳು ಬಿಡಿಸ್ಕೊಂಡೇ ಮುಗಿಸಿದ್ರು. ಮೇಡಂ ಅಲ್ಲಿಗೂ ಬಿಡದೆ ಲೀಗು ಆಟಗಾರರ ಮಧ್ಯದ ಹೊಸ ಒಪ್ಪಂದದಲ್ಲಿ ಕ್ಯಾಪಿಗಿಂತ ಮೇಲೆ ಸೆಕೆಂಡ್ ಏಪ್ರನ್ ಅಂತ ಒಂದು ಗೆರೆ ಬಂದಿದೆ, ದಾಟಿದ ಟೀಮಿಗೆ ಕೈಕಾಲು ಕಟ್ಟಿ ಹಾಕಿದ ಹಂಗೆ ಅಂತ ಶುರು ಮಾಡಿದ್ರು. "ಏಪ್ರನ್ ಅಂದ್ರಿ, ಇವರು ಮೊದಲು ಅಡುಗೆಮನೇದನ್ನ ಹಾಕ್ಕೊಳ್ಳೋದು ಕಲೀಲಿ" ಅಂತ ನನ್ನ ಬಿಳಿ ಟೀಶರ್ಟ್ ಮೇಲಿನ ಮಸಿ ತೋರಿಸಿ ಮಿಸ್ಸೆಸ್ಸು.

ಅವಳ ವಾದ ಬೇರೇನೇ ಇತ್ತು. ಆ ಏಪ್ರಿಲ್‌ನಲ್ಲಿ ಬ್ರೌನ್ ಮನೇಲಿ ಗಿಡಕ್ಕೆ ನೀರು ಹಾಕೋಕೆ ಹೋಗಿ ಗಾಜಿನ ಹೂದಾನಿ ಒಡೆದು ಬಲಗೈ ಕುಯ್ಕೊಂಡು ಹೊಲಿಗೆ ಹಾಕಿಸ್ಕೊಂಡಿದ್ದ. ನಾನು ಇದನ್ನ, ನೋಡಿ ಎಂಥಾ ಬೇಜವಾಬ್ದಾರಿ ಅಂತ ತೋರಿಸೋಕೆ ಹೇಳಿದ್ದು. "ಅಂದ್ರೆ ಅಷ್ಟು ದೊಡ್ಡ ಪ್ಲೇಯರ್ರು ಮನೇಲಿ ಗಿಡಕ್ಕೆ ನೀರು ಹಾಕ್ತಾನೆ?" ಅಂದ್ಲು. ಎಲ್ಲರೂ ತಿರುಗಿ ನಮ್ಮ ಹಿತ್ತಲ ಕರಿಬೇವಿನ ಕುಂಡ ನೋಡಿದ್ರು. ಕಡ್ಡಿ ಇತ್ತು. ಎಲೆ ಇರ್ಲಿಲ್ಲ. "ಕೊಡಲಿ ಬಿಡಿ, 304 ಅವನಿಗೆ ಕಮ್ಮಿನೇ."

ಹೆಂಡತಿ ಕೂಡ ಆ ಪಾರ್ಟಿ ಸೇರಿದ ಮೇಲೆ ಮನುಷ್ಯನಿಗೆ ರೋಷ ಬರುತ್ತೆ. ಬಾಯಿ ತುಂಬ ಜೋಳ ಇಟ್ಕೊಂಡೇ ಅಂದೆ, "ಇವನು ಫೈನಲ್ಸ್ ಎಂವಿಪಿ, ಅಂದ್ರೆ ಫೈನಲ್ಸ್‌ನ ಅತ್ಯುತ್ತಮ ಆಟಗಾರ ಆದ್ರೆ ನಿಮಗೆಲ್ಲ ನಾನು ಎಡಗೈಲಿ ದೋಸೆ ಹುಯ್ದು ಕೊಡ್ತೀನಿ." ದಾವಣಗೆರೆಯವನು ಮಾವನವರ ನ್ಯಾಪ್ಕಿನ್ ಕಿತ್ಕೊಂಡು ಸೊನ್ನೆಗಳ ಕೆಳಗೆ ಬರೆದು ಸೈನ್ ಹಾಕಿಸ್ಕೊಂಡ. ಮಾವನವರೇ ಸಾಕ್ಷಿ. ಡೇಟ್ ಹಾಕಿ ಅಂತ ನೆನಪಿಸಿದ್ದೂ ಅವರೇ.

ಮುಂದಿನ ವರ್ಷ ಏನಾಯ್ತು ಗೊತ್ತಲ್ಲ. ಫೈನಲ್ಸ್‌ಗೆ ಮುಂಚಿನ ಸೀರೀಸಲ್ಲಿ ಇಂಡಿಯಾನಾ ಮೇಲೆ ಮೊದಲ ಮ್ಯಾಚಲ್ಲಿ ಇನ್ನು ಕೆಲವೇ ಸೆಕೆಂಡ್ ಇದ್ದಾಗ ಬ್ರೌನ್ ಮೂಲೆಯಿಂದ ತ್ರೀ ಹಾಕಿ ಸಮ ಮಾಡಿದ, ಓವರ್‌ಟೈಮಲ್ಲಿ ಗೆದ್ವಿ. ಆ ಸೀರೀಸ್‌ಗೂ ಅವನೇ ಎಂವಿಪಿ. ನನಗೆ ಎಡಗೈ ಸಣ್ಣಗೆ ತುರಿಸೋಕೆ ಶುರುವಾಯ್ತು. ಜೂನ್ 17ಕ್ಕೆ ಫೈನಲ್ಸಲ್ಲಿ ಡಲ್ಲಾಸ್ ಮೇಲೆ 106-88, ಸೀರೀಸ್ 4-1, ಸೆಲ್ಟಿಕ್ಸ್‌ಗೆ 18ನೇ ಕಪ್ಪು. ಎಂವಿಪಿಗೆ 11 ವೋಟು, ಅದರಲ್ಲಿ ಟೇಟಮ್‌ಗೆ 4, ಬ್ರೌನ್‌ಗೆ 7. ನಾನು ಕುಣೀತಾ ಇದ್ದವನು ಅರ್ಧಕ್ಕೇ ನಿಂತೆ. ನಮ್ಮ ಟೀಮ್ ಗೆದ್ದ ರಾತ್ರಿ ಅದೇ ಟೀಮಿನ ಟೇಟಮ್‌ಗೆ ಇನ್ನೆರಡು ವೋಟ್ ಬೀಳಬಾರದಿತ್ತಾ ಅಂತ ಲೆಕ್ಕ ಹಾಕ್ತಿದ್ದ ಫ್ಯಾನ್ ನಾನೊಬ್ಬನೇ ಇರಬೇಕು. ಫೋನಿಗೆ ನ್ಯಾಪ್ಕಿನ್ ಫೋಟೋ ಬಂತು.

ಇನ್ನೊಂದು ವಿಷಯ, ಮೇಡಂ ಹೇಳೋ ತನಕ ನಮಗ್ಯಾರಿಗೂ ಹೊಳೆದಿರ್ಲಿಲ್ಲ. ಅವನು ಇದನ್ನೆಲ್ಲ ಆಡಿದ್ದು ಹಳೇ ಕಾಂಟ್ರ್ಯಾಕ್ಟಲ್ಲಿ, ಆ ವರ್ಷದ ಸಂಬಳ 32 ಮಿಲಿಯನ್ ಒಳಗೇ. ನಾವು ಒಂದು ವರ್ಷ ಕಿತ್ತಾಡಿದ ದುಡ್ಡು ಇನ್ನೂ ಶುರುವೇ ಆಗಿರ್ಲಿಲ್ಲ.

ಜುಲೈ ಮೊದಲ ಶನಿವಾರ ದೋಸೆ. ಮಾವನವರು ಊರಿಂದ ವಿಡಿಯೋ ಕಾಲಲ್ಲಿ, ಫೋನನ್ನ ಸಕ್ಕರೆ ಡಬ್ಬಕ್ಕೆ ಒರಗಿಸಿ ಇಟ್ಟಿದ್ವಿ. ಬಲಗೈನ ಬೆನ್ನ ಹಿಂದೆ ಟವೆಲಲ್ಲಿ ಕಟ್ಟಿದ್ರು. ಎಡಗೈಲಿ ದೋಸೆ ಹುಯ್ಯೋದು ಅಂದ್ರೆ ಏನು ಅಂತ ಒಂದ್ಸಲ ಮಾಡಿ ನೋಡಿ ಸ್ವಾಮಿ. ಸೌಟಿನ ತುಂಬ ಹಿಟ್ಟು ತಗೊಂಡು ಕಾವಲಿ ಮಧ್ಯಕ್ಕೆ ಬಿಟ್ಟೆ, ಅಲ್ಲಿವರೆಗೂ ಸರಿ, ಸುತ್ತಬೇಕು ಅಂತ ತಲೆ ಹೇಳ್ತಿದೆ, ಕೈಗೆ ಯಾವ ಕಡೆಗೆ ಅಂತ ಗೊತ್ತಾಗ್ತಿಲ್ಲ, ಎರಡು ಸುತ್ತು ಆ ಕಡೆ ಹೋಗಿ ಗಾಬರಿಯಾಗಿ ಈ ಕಡೆ ತಿರುಗಿದ್ದಕ್ಕೆ ಹಿಟ್ಟೆಲ್ಲ ಸೌಟಿಗೇ ಅಂಟ್ಕೊಂಡು ಮೇಲೆದ್ದು ಬಂತು. ಮಧ್ಯದಲ್ಲಿ ತೂತು, ಸುತ್ತ ದಿಂಡು. ಎರಡನೇದು ಉದ್ದಕ್ಕೆ ಕರ್ನಾಟಕದ ಮ್ಯಾಪ್ ಥರ ಬಂತು, ಬೀದರ್ ಕಡೆ ಸೀದು ಚಾಮರಾಜನಗರ ಹಸಿ. ಮೂರನೇದನ್ನ ಮೊಗಚೋಕೆ ಹೋದೆ, ಅರ್ಧ ಬರ್ನರ್ ಮೇಲೆ ಬಿತ್ತು, ಹೊಗೆ ಎದ್ದು ಸ್ಮೋಕ್ ಅಲಾರಂ ಬಡ್ಕೊಳ್ಳೋಕೆ ಶುರು. ಮಂಗಳೂರು ಮೇಡಂ ಕುರ್ಚಿ ಹತ್ತಿ ಟವೆಲ್ ಬೀಸ್ತಿದಾರೆ, ಮಾವನವರು ಫೋನಿಂದ "ಅಳಿಯಂದ್ರೇ, ಕುಕ್ಕರಾ ರೆಫ್ರಿನಾ?" ಅಂತಿದಾರೆ.

"ಟರ್ನೋವರ್ ಎಷ್ಟಾತು?" ಅಂದ ದಾವಣಗೆರೆಯವನು. ಬೆಣ್ಣೆದೋಸೆ ಊರಿನವನು, ಒಂದು ತುಣುಕು ಬಾಯಿಗಿಟ್ಟು ನನ್ನ ಹೆಗಲು ತಟ್ಟಿದ. ಅಷ್ಟೇ, ಮಾತಾಡಲಿಲ್ಲ.

ಅಲಾರಂ ನಿಂತ ಮೇಲೆ ಮೇಡಂ ಇನ್ನೊಂದು ಬಾಂಬ್ ಹಾಕಿದ್ರು. 304 ಅನ್ನೋದೇ ಆಗ್ಲಿಲ್ಲವಂತೆ. ಅದು ಕ್ಯಾಪ್ ಇಷ್ಟು ಏರಬಹುದು ಅಂತ ಅಂದಾಜಲ್ಲಿ ಹೇಳಿದ್ದು, ಆದ್ರೆ ಕ್ಯಾಪ್ 136 ಮಿಲಿಯನ್ ಇಂದ 140.6ಕ್ಕೆ ಮಾತ್ರ ಏರಿತು, ಅದರ 35 ಪರ್ಸೆಂಟ್ ಅಂದ್ರೆ ಮೊದಲ ವರ್ಷ 49.2, ಐದು ವರ್ಷ ಸೇರಿ 285 ಚಿಲ್ರೆ. ಬಟ್ಟೆ ಅಂಗಡಿಯವರು 70 ಪರ್ಸೆಂಟ್ ವರೆಗೆ ರಿಯಾಯ್ತಿ ಅಂತ ಬೋರ್ಡಲ್ಲಿ "ವರೆಗೆ"ಯನ್ನ ಇರುವೆ ಸೈಜಲ್ಲಿ ಬರೀತಾರಲ್ಲ, ಅದು.

ಫೋನಲ್ಲಿ ಮಾವನವರು ಲೆಕ್ಕ ಹಾಕೋದು ಕಾಣಿಸ್ತಿತ್ತು. "ನೂರೈವತ್ತು ಕೋಟಿ ಮೇಲೆ ಹೋಯ್ತಲ್ಲ ಹಂಗಾದ್ರೆ! ಅಯ್ಯೋ ಪಾಪ, ಏನ್ ಮಾಡ್ತಾನೋ ಹುಡುಗ." ನಿಜವಾಗ್ಲೂ ಬೇಜಾರಾಗಿತ್ತು ಅವರಿಗೆ.

ಅಷ್ಟರಲ್ಲಿ ದಾವಣಗೆರೆಯವನು ಹೊಸದು ತೆಗೆದ, ಆ ವಾರಾನೇ ಟೇಟಮ್‌ಗೆ 5 ವರ್ಷಕ್ಕೆ 314 ಮಿಲಿಯನ್ ಅಂತ ಆಗಿತ್ತು. "ಎಂವಿಪಿ ಆದವನಿಗಿಂತ ಆಗದವನಿಗೆ ಜಾಸ್ತಿನಾ? ಟೇಟಮ್‌ಗೆ ಅಷ್ಟು ಯೋಗ್ಯತೆ ಐತೇನಲೇ?" ನನಗೆ ತಡ್ಕೊಳ್ಳೋಕಾಗ್ಲಿಲ್ಲ, ಟವೆಲ್ ಬಿಚ್ಕೊಂಡು "ಇಲ್ಲಿ ಕೇಳು, ನಾನು ಬೆಟ್ ಕಟ್ತೀನಿ" ಅಂತ ಮೇಜಿನ ಮೇಲಿದ್ದ ನ್ಯಾಪ್ಕಿನ್ ಎಳ್ಕೊಂಡೆ.

ಮಿಸ್ಸೆಸ್ಸು ನ್ಯಾಪ್ಕಿನ್ ಕಿತ್ಕೊಂಡು ಕೈಗೆ ತೆಂಗಿನ ನಾರು ಕೊಟ್ಲು. "ರೀ, ಮೊದಲು ಕಾವಲಿ ಉಜ್ಜಿ. ಎಡಗೈಲೇ."